ಅಂಚು ಹೊಲಿಯುವವರು

ಬಾಗಿಲು ತೆರೆಯುತ್ತಲೇ ಪಟವರ್ಧನ ಆಜಿ ಮೂಗೇರಿಸುತ್ತಾರೆ:
ಬೆಳ್ಳುಳ್ಳಿ ತಿಂದು ಬಂದೆಯಾ,
ಸದಾಶಿವ ಪೇಠೆಯ ನನ್ನ ಮನೆಗೆ, ಅದೂ ಚಾತುರ್ಮಾಸದಲ್ಲಿ?
ಇಲ್ಲ ಆಜಿ, ಇದು ಟೆಲ್ಲೂರಿಯಂ.
ಅರೆಯುವಾಗ ಮುಖವಾಡ ತುಸು ಜಾರಿತ್ತು.
ಚಿಟಿಕೆಗಿಂತ ಕಮ್ಮಿ ಧೂಳು ಒಳಗೆ ಹೋಗಿ
ವಾರಗಟ್ಟಲೆ ಉಸಿರಲ್ಲಿ ಬೆಳ್ಳುಳ್ಳಿಯಾಗಿ ಹೊರಗೆ ಬರುತ್ತದೆ.
ಆಕೆ ನಂಬುವುದಿಲ್ಲ.
ಆಕೆಯ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಪಾಷಾಣ ಎಂಬುದು ಈ ಊರಲ್ಲಿ ಒಂದು ಬಡಾವಣೆ;
ಬಸ್ಸಿನ ಹಣೆಯ ಮೇಲೆ ಅದನ್ನು
ಒಂದು ದಿನ ಕಲ್ಲು, ಒಂದು ದಿನ ವಿಷ ಎಂದು ಓದಿಕೊಳ್ಳುವವಳು ನಾನೊಬ್ಬಳೇ.
ಅಲ್ಲಿ ನಮ್ಮ ಬಿರಾಜದಾರ ಮಾಮಾ
ಕ್ವಾರ್ಟ್ಜ್ ಕೊಳವೆಯ ಬಾಯನ್ನು ನೀಲಿ ಉರಿಯಲ್ಲಿ ಮುಚ್ಚುತ್ತಾನೆ.
ಒಳಗೆ ಮ್ಯಾಂಗನೀಸ್, ಬಿಸ್ಮತ್, ನನ್ನ ಬೆಳ್ಳುಳ್ಳಿ,
ಉಳಿದಂತೆ ಗಾಳಿಯೂ ಇಲ್ಲ.
ಆರುನೂರು ಡಿಗ್ರಿಯಿಂದ ಐನೂರ ತೊಂಬತ್ತಕ್ಕೆ
ಎರಡು ವಾರ ಇಳಿಯಬೇಕು,
ತುಂಬಿದ ಬಸುರಿ ಮೆಟ್ಟಿಲಿಳಿದ ಹಾಗೆ.
ಹನ್ನೊಂದನೆಯ ದಿನ ಕರೆಂಟು ಹೋಯಿತು.
ಮೊದಲಿನಿಂದ ಶುರು.

ಬಿಸ್ಮತ್ ತೂಕದ ಪರಮಾಣು.
ಅದರ ಮಗ್ಗುಲಲ್ಲಿ ಹಾಯುವ ಎಲೆಕ್ಟ್ರಾನಿಗೆ
ತಿರುಗುವುದು ಬೇರೆ, ಹೋಗುವುದು ಬೇರೆ ಅಂತಿಲ್ಲ:
ಬುಗುರಿ ಯಾವ ಕಡೆ ಸುತ್ತೀತೋ ಅದೇ ಅದರ ದಾರಿ.
ಮ್ಯಾಂಗನೀಸಿನದು ಇನ್ನೊಂದು ಶಿಸ್ತು,
ಒಂದು ಪದರದಲ್ಲಿ ಎಲ್ಲರ ತಲೆ ಮೇಲೆ,
ಮುಂದಿನದರಲ್ಲಿ ಎಲ್ಲರದೂ ಕೆಳಗೆ.
ನಾಲ್ಕು ಪದರವಾದರೆ ಲೆಕ್ಕ ಚುಕ್ತಾ.
ಐದಾದರೆ ಒಂದು ಉಳಿಯುತ್ತದೆ.
ಆ ಉಳಿದ ಒಂದರ ಹಟಕ್ಕೆ
ನಡುವೆಲ್ಲ ಬೀಗ ಬಿದ್ದು
ಅಂಚಿನ ಗುಂಟ ಮಾತ್ರ ವಿದ್ಯುತ್ತು ಹರಿಯುತ್ತದೆ, ಒಂದೇ ದಿಕ್ಕಿಗೆ.
ಅಡ್ಡ ಏನಾದರೂ ಬಂದರೆ ಬಳಸಿಕೊಂಡು ಹೋಗುತ್ತದೆ,
ಹಿಂದಕ್ಕೆ ತಿರುಗುವುದಿಲ್ಲ.
ಲಕ್ಷ್ಮೀ ರಸ್ತೆಯ ಒನ್-ವೇ ಫಲಕದ ಕೆಳಗೆ
ಇದನ್ನೇ ಯೋಚಿಸುತ್ತ ನಿಂತಿದ್ದೆ;
ಎದುರಿನಿಂದ ಬಂದ ಸ್ಕೂಟರಿನವ ನನಗೇ ಬೈದು ಹೋದ.

ಅಪ್ಪ ಸೊಲ್ಲಾಪುರದ ಚಾದರ ಕಾರಖಾನೆಯಲ್ಲಿ
ಮೂವತ್ತೊಂದು ವರ್ಷದಿಂದ ಅಂಚು ಹೊಲಿಯುತ್ತಾನೆ.
ಊಟದ ಸುಟ್ಟಿಯಲ್ಲಿ ಫೋನು, ಹಿಂದೆ ಮಗ್ಗಗಳ ದಡಬಡ.
ನಾನು ಹೇಳುತ್ತ ಹೋದೆ, ಅಂವ ಹೂಂಗುಟ್ಟುತ್ತ ಹೋದ,
ಕೊನೆಗೆ ಒಂದೇ ಪ್ರಶ್ನೆ:
ಅದರ ಅಂಚ ಯಾರ ಹೊಲೀತಾರವ್ವಾ?

ಯಾರೂ ಇಲ್ಲಪ್ಪಾ.
ನಡುವ ಕತ್ತರಿಸಿದ್ರ?
ಕತ್ತರಿಸಿದಲ್ಲೇ ಹೊಸಾ ಅಂಚ.
ಎಳಿ ಬಿಡೂದಿಲ್ಲೇನು?
ಬಿಡೂದಿಲ್ಲ.

ದಡಬಡ. ದಡಬಡ.
ರೊಟ್ಟಿ ಅಗಿಯುವ ಸದ್ದು.
ಹಂಗಾರ ಅದು ಅಂಚ ಅಲ್ಲವಾ,
ಒಳಗಿನ ನೇಯಿಗೀನ ಹೊರಗ ಬಂದು ನಿಂತೈತಿ.

ನಮ್ಮ ಗೈಡ್ ಇದಕ್ಕೆ ನಲವತ್ತು ನಿಮಿಷ,
ಹಲಗೆಯ ಎರಡೂ ಮಗ್ಗುಲು ತೆಗೆದುಕೊಂಡಿದ್ದರು.

ಹರಳನ್ನು ಅಂಟುಪಟ್ಟಿಯಿಂದ ಸುಲಿದೆ,
ಈರುಳ್ಳಿ ಸಿಪ್ಪೆಗಿಂತ ತೆಳುವಾಗಿ, ಐದೇ ಪದರಕ್ಕೆ.
ಹೀಲಿಯಂ ಚಳಿಯಲ್ಲಿ ಇಳಿಬಿಟ್ಟೆ.
ಬರಬೇಕಾದ ಸಂಖ್ಯೆ
ಇಪ್ಪತ್ತೈದು ಸಾವಿರದ ಎಂಟುನೂರ ಹನ್ನೆರಡು ಓಮ್.
ನಮ್ಮದು ಇಪ್ಪತ್ತೊಂದು ಸಾವಿರದ ಹತ್ತಿರ ಬಂದು
ಮಿಸುಕಾಡದೆ ಕೂತಿತು.
ರಾತ್ರಿ ಮೂರಕ್ಕೂ ಅಲ್ಲೇ.
ಎಲ್ಲೋ ಬಿಸ್ಮತ್ತಿನ ಖುರ್ಚಿಯಲ್ಲಿ
ಮ್ಯಾಂಗನೀಸು ಕೂತಿರಬೇಕು, ಹೇಳದೆ ಕೇಳದೆ.
ಎಬ್ಬಿಸುವ ಉಪಾಯ ಒಂದೇ, ಮತ್ತೆ ಕರಗಿಸುವುದು.

ಬೆಳಿಗ್ಗೆ ಹೊಸ ಕೊಳವೆ ಕೇಳಿದೆ.
ಬಿರಾಜದಾರ ಮಾಮಾ ಏನೂ ಕೇಳದೆ ಬತ್ತಿ ಹಚ್ಚಿದ.

ಮನೆಗೆ ಬಂದಾಗ ಆಜಿ ಹೊಸಿಲಲ್ಲೇ ನಿಂತು
ಒಂದು ಸಲ ಉಸಿರೆಳೆದು, ಒಂದು ಲವಂಗ ಕೈಗಿಟ್ಟರು.
ಈವತ್ತು ಕಮ್ಮಿ ಇದೆ, ಅಂದರು.
ನಾಳೆ ಮತ್ತೆ ಅರೆಯುವುದಿದೆ ಎಂದು
ನಾನು ಹೇಳಲಿಲ್ಲ.